ಹೋಟೆಲ್ ಕೆಲಸಗಾರರು ಸಂಘ ಕಟ್ಟುವುದು ಹೇಗೆ: ಕಾಸರಗೋಡಿನ ಪೇಟೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಬೇಕಲದ ಸುತ್ತಲಿನ ರೆಸಾರ್ಟುಗಳನ್ನೂ ನಗರದ ಕೆಲವು ದೊಡ್ಡ ಲಾಡ್ಜುಗಳನ್ನೂ ಬಿಟ್ಟರೆ, ಕಾಸರಗೋಡು ಜಿಲ್ಲೆಯ ಹೋಟೆಲುಗಳಲ್ಲಿ ಹೆಚ್ಚಿನವು ಸಣ್ಣವು. ತಲಪಾಡಿ ದಾಟಿದ ಮೇಲೆ ಹೊಸಂಗಡಿ, ಉಪ್ಪಳ, ಕುಂಬಳೆಗಳಲ್ಲಾಗಲಿ, ಒಳನಾಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳಲ್ಲಾಗಲಿ ಒಂದು ಹೋಟೆಲಿನಲ್ಲಿ ಇರುವವರು ಒಬ್ಬ ಅಡುಗೆ ಭಟ್ಟರು, ಒಬ್ಬ ಪರೋಟ ಮಾಸ್ಟರ್, ಒಬ್ಬ ಟೀ ಮಾಸ್ಟರ್, ಮೂರು ನಾಲ್ಕು ಸಪ್ಲೈಯರುಗಳು, ಇಬ್ಬರು ಕ್ಲೀನರುಗಳು, ಬೆಳಿಗ್ಗೆ ಬಂದು ತರಕಾರಿ ಹೆಚ್ಚಿ ಪಾತ್ರೆ ತಿಕ್ಕಿ ಹೋಗುವ ಒಬ್ಬಿಬ್ಬರು ಹೆಂಗಸರು, ಗಲ್ಲಾದಲ್ಲಿ ಮಾಲಕ ಅಥವಾ ಅವನ ತಮ್ಮ. ಇಂತಹ ಒಂದು ಹೋಟೆಲಿನ ಎಂಟು ಹತ್ತು ಜನ ಮಾತ್ರ ಸೇರಿ ಸಂಬಳ ಹೆಚ್ಚಿಸಿ ಎಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ: ಪಕ್ಕದ ಹೋಟೆಲಿನವನು ಇಷ್ಟು ಕೊಡುವುದಿಲ್ಲ, ನಾನೊಬ್ಬನೇ ಕೊಟ್ಟರೆ ಊಟದ ದರ ಏರಿಸಬೇಕಾಗುತ್ತದೆ ಎಂಬುದು ಒಂದು, ಬೇಡವಾದರೆ ಬಿಟ್ಟುಹೋಗಿ, ನಾಳೆ ಬೇರೆಯವರು ಬರುತ್ತಾರೆ ಎಂಬುದು ಇನ್ನೊಂದು. ಮೊದಲ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ.

ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದು ನಿಲುವನ್ನು ಇಟ್ಟುಕೊಂಡಿದ್ದೇನೆ: ನಮ್ಮ ಕಡೆ ಸಂಘದ ಘಟಕ ಹೋಟೆಲಲ್ಲ, ಪೇಟೆ. ಕುಂಬಳೆ ಪೇಟೆಯ ಹದಿನೈದು ಹೋಟೆಲುಗಳಲ್ಲಿ ಪ್ರತಿಯೊಂದರಿಂದ ನಾಲ್ಕು ಜನ ಸೇರಿದರೆ, ‘ಪಕ್ಕದವನು ಕೊಡುವುದಿಲ್ಲ’ ಎಂಬ ವಾದಕ್ಕೆ ನೆಲೆಯಿಲ್ಲ; ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ತರುವುದೂ ಸುಲಭವಲ್ಲ. ರೆಸಾರ್ಟುಗಳಂತಹ ದೊಡ್ಡ ಜಾಗಗಳಲ್ಲಿ ಮಾತ್ರ ಒಂದೇ ಸಂಸ್ಥೆಯೊಳಗೆ ಸಂಘ ನಿಲ್ಲಬಲ್ಲದು.

ಕಾನೂನು ಎಲ್ಲಿ ನಿಂತಿದೆ

ಗಡಿಯಲ್ಲಿ ಬದುಕುವವರಿಗೆ ಮೊದಲು ಏಳುವ ಪ್ರಶ್ನೆ ಯಾವ ರಾಜ್ಯದ ಕಾನೂನು ಎಂಬುದು. ನಿಮ್ಮ ಮನೆ ವಿಟ್ಲದಲ್ಲಿರಲಿ, ಉಳ್ಳಾಲದಲ್ಲಿರಲಿ, ಒಡಿಶಾದಲ್ಲಿರಲಿ, ಕೆಲಸ ಮಾಡುವ ಹೋಟೆಲು ಉಪ್ಪಳದಲ್ಲಿದ್ದರೆ ನಿಮಗೆ ಅನ್ವಯಿಸುವುದು ಕೇರಳದ ಕನಿಷ್ಠ ವೇತನ, ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. 1960ರ ಈ ಕಾಯ್ದೆಯ ಪ್ರಕಾರ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ. ಅದಕ್ಕಿಂತ ಹೆಚ್ಚು ದುಡಿಸಿದರೆ ಆ ಗಂಟೆಗಳಿಗೆ ಎರಡು ಪಟ್ಟು ಕೂಲಿ. ಹೋಟೆಲು ವಾರವಿಡೀ ತೆರೆದಿದ್ದರೂ ಪ್ರತಿಯೊಬ್ಬ ಕೆಲಸಗಾರನಿಗೂ ವಾರಕ್ಕೊಂದು ದಿನ ರಜೆ.

ಕೇಂದ್ರದ ಮಟ್ಟದಲ್ಲಿ ಈಗ ಕಾಯ್ದೆಗಳ ಹೆಸರುಗಳು ಬದಲಾಗುತ್ತಿವೆ. ಹಳೆಯ 29 ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ತಂದ ನಾಲ್ಕು ಸಂಹಿತೆಗಳನ್ನು ಕೇಂದ್ರ ಸರಕಾರ 2025ರ ನವೆಂಬರ್ 21ರಿಂದ ಜಾರಿಗೆ ತಂದಿತು. ಇವುಗಳಿಗೆ ಕೇರಳದಲ್ಲಿ ಬಲವಾದ ವಿರೋಧವಿದೆ. ಈ ಗೊಂದಲವನ್ನು ನೋಡಿ ಹಿಂಜರಿಯಬೇಕಾಗಿಲ್ಲ. ಸಂಘ ಕಟ್ಟುವ ಹಕ್ಕು, ಕನಿಷ್ಠ ವೇತನ, ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು), ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ), ತೆಗೆದುಹಾಕುವಾಗ ಕೊಡಬೇಕಾದ ಪರಿಹಾರ ಇವೆಲ್ಲ ಹಳೆಯದರಲ್ಲೂ ಇದ್ದವು, ಹೊಸದರಲ್ಲೂ ಇವೆ. ಅರ್ಜಿ ಬರೆಯುವ ದಿನ ಯಾವ ಕಾಯ್ದೆಯ ಯಾವ ಕಲಮು ಎಂದು ಕೇಳಿ ತಿಳಿದುಕೊಂಡರೆ ಸಾಕು.

ಇನ್ನೊಂದು ಹಕ್ಕನ್ನು ನಮ್ಮವರೇ ಮರೆತಿದ್ದಾರೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಗೆ ಆಮೇಲೆ ಸೇರಿಸಿದ ಕಲಮಿನಂತೆ, ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯೆಟ್, ಇಲಾಖಾ ಮುಖ್ಯಸ್ಥರು ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಗಳ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾರ್ಮಿಕ ಇಲಾಖೆಗೆ ದೂರನ್ನು ಕನ್ನಡದಲ್ಲಿ ಬರೆಯಿರಿ. ಮಲಯಾಳ ಬಲ್ಲವರಿದ್ದರೆ ಜೊತೆಗೊಂದು ಮಲಯಾಳ ಪ್ರತಿ ಇಡುವುದರಿಂದ ಕೆಲಸ ಬೇಗ ಸಾಗುತ್ತದೆ ಎಂಬುದೂ ನಿಜ. ಆದರೆ ಸಹಿ ಹಾಕುವವನಿಗೆ ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆ ಎಂದು ಓದಿ ತಿಳಿಯುವಂತಿರಬೇಕು.

ಮೊದಲ ಹೆಜ್ಜೆ: ಗಂಟೆಯ ಪುಸ್ತಕ

ಬೇಡಿಕೆಯಿಂದ ಆರಂಭಿಸಬೇಡಿ, ದಾಖಲೆಯಿಂದ ಆರಂಭಿಸಿ. ಹೋಟೆಲ್ ಕೆಲಸದಲ್ಲಿ ಸಂಬಳ ಎಷ್ಟೆಂದು ಎಲ್ಲರಿಗೂ ಗೊತ್ತಿರುತ್ತದೆ, ಎಷ್ಟು ಗಂಟೆಗೆ ಆ ಸಂಬಳ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ, ಮಧ್ಯಾಹ್ನದ ಊಟ ಮುಗಿಸಿ, ಮೂರರಿಂದ ಐದರವರೆಗೆ ಅಡ್ಡಾಗಿ, ಮತ್ತೆ ರಾತ್ರಿ ಹತ್ತರವರೆಗೆ ನಿಲ್ಲುವವರು ತಮ್ಮ ಕೆಲಸವನ್ನು ‘ಒಂದು ದಿನ’ ಎಂದೇ ಎಣಿಸುತ್ತಾರೆ.

ಕಿಸೆಯಲ್ಲಿ ಹಿಡಿಯುವ ಒಂದು ಸಣ್ಣ ನೋಟುಪುಸ್ತಕದಲ್ಲಿ ಪ್ರತಿದಿನ ಐದು ಸಂಗತಿಗಳನ್ನು ಬರೆಯಿರಿ: ತಾರೀಕು, ಕೆಲಸಕ್ಕೆ ಇಳಿದ ಹೊತ್ತು, ಬಿಟ್ಟ ಹೊತ್ತು, ನಡುವಿನ ವಿರಾಮ, ಆ ದಿನ ಕೈಗೆ ಬಂದ ಅಥವಾ ಹಿಡಿದುಕೊಂಡ ಹಣ. ಮೊಬೈಲಿನಲ್ಲಿ ಬರೆದರೂ ಆದೀತು, ಆದರೆ ಅದೇ ದಿನ ಬರೆದಿರಬೇಕು. ತಿಂಗಳ ಕೊನೆಯಲ್ಲಿ ನೆನಪಿನಿಂದ ಒಟ್ಟಿಗೆ ತುಂಬಿಸಿದ ಪುಸ್ತಕವನ್ನು ವಿಚಾರಣೆಯಲ್ಲಿ ಎದುರು ಪಕ್ಷದ ವಕೀಲ ಐದು ನಿಮಿಷದಲ್ಲಿ ಬಿಡಿಸಿ ಹಾಕುತ್ತಾನೆ. ಸಂಬಳ ಬ್ಯಾಂಕಿಗೆ ಬರುತ್ತಿದ್ದರೆ ಪಾಸ್‌ಬುಕ್ಕು, ಗೂಗಲ್ ಪೇಯಲ್ಲಿ ಬರುತ್ತಿದ್ದರೆ ಅದರ ಚಿತ್ರ, ನಗದಾಗಿ ಬರುತ್ತಿದ್ದರೆ ಚೀಟಿಯ ಫೋಟೋ ಇಟ್ಟುಕೊಳ್ಳಿ. ಯೂನಿಫಾರ್ಮಿನಲ್ಲಿರುವ ಫೋಟೋ, ಆರೋಗ್ಯ ಕಾರ್ಡು, ಡ್ಯೂಟಿ ಬದಲಾವಣೆಯ ವಾಟ್ಸ್ಆ್ಯಪ್ ಸಂದೇಶ ಇವೆಲ್ಲ ನೀವು ಅಲ್ಲಿ ಕೆಲಸ ಮಾಡುತ್ತಿದ್ದಿರಿ ಎಂಬುದಕ್ಕೆ ಪುರಾವೆ. ನೇಮಕಾತಿ ಪತ್ರವೇ ಇಲ್ಲದ ಕಡೆ ಇವೇ ಆಧಾರ.

ಒಂದು ತಿಂಗಳ ದಾಖಲೆ ಕೈಯಲ್ಲಿದ್ದಾಗ ಲೆಕ್ಕ ಹಾಕಿ. ಲೆಕ್ಕದ ಅನುಕೂಲಕ್ಕೆ ತಿಂಗಳ ಸಂಬಳ 15,600 ರೂಪಾಯಿ ಎಂದಿಟ್ಟುಕೊಳ್ಳೋಣ. 26 ಕೆಲಸದ ದಿನಗಳಿಂದ ಭಾಗಿಸಿದರೆ ದಿನಕ್ಕೆ 600, ಎಂಟು ಗಂಟೆಯಿಂದ ಭಾಗಿಸಿದರೆ ಗಂಟೆಗೆ 75. ಹೆಚ್ಚುವರಿ ಗಂಟೆಗೆ 150 ಸಲ್ಲಬೇಕು. ವಿರಾಮ ಕಳೆದು ದಿನಕ್ಕೆ ಹನ್ನೊಂದು ಗಂಟೆ ದುಡಿಯುವವರಿಗೆ ಮೂರು ಗಂಟೆಯ ಓವರ್‌ಟೈಮ್ 450 ರೂಪಾಯಿ, 26 ದಿನಕ್ಕೆ 11,700. ಅಂದರೆ ಕೈಗೆ ಬಂದದ್ದು 15,600, ಬರಬೇಕಾದದ್ದು 27,300. ಈ ಒಂದು ಲೆಕ್ಕವನ್ನು ಕಾಗದದ ಮೇಲೆ ನೋಡಿದ ಮೇಲೆ ಸಂಘಕ್ಕೆ ಏಕೆ ಬರಬೇಕು ಎಂದು ಯಾರೂ ಕೇಳುವುದಿಲ್ಲ.

ಮುಂದಿನ ಲೆಕ್ಕ ಕನಿಷ್ಠ ವೇತನದ್ದು. ಕೇರಳದಲ್ಲಿ ಹೋಟೆಲ್ ಮತ್ತು ರೆಸ್ಟೋರೆಂಟ್ ಉದ್ಯಮಕ್ಕೆ ಪ್ರತ್ಯೇಕ ಅಧಿಸೂಚನೆ ಇದ್ದು, ಕೆಲಸದ ದರ್ಜೆಗೆ ತಕ್ಕ ಮೂಲ ವೇತನವನ್ನೂ ಅದರ ಮೇಲೆ ಬೆಲೆ ಸೂಚ್ಯಂಕಕ್ಕೆ ಹೊಂದಿದ ತುಟ್ಟಿಭತ್ಯೆಯನ್ನೂ ಕೊಡಬೇಕು. ಸೂಚ್ಯಂಕ ಏರಿದಂತೆ ತುಟ್ಟಿಭತ್ಯೆ ಏರುತ್ತದೆ. ಹಲವು ಹೋಟೆಲುಗಳಲ್ಲಿ ಮೂಲ ವೇತನ ಸರಿಯಿದ್ದು ಭತ್ಯೆ ಮಾತ್ರ ಹಳೆಯ ದರದಲ್ಲೇ ನಿಂತಿರುತ್ತದೆ. ಕಾಸರಗೋಡಿನ ಈಗಿನ ದರವನ್ನು ಸಹಾಯಕ ಲೇಬರ್ ಆಫೀಸರರ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಕಡಿಮೆ ಕೊಟ್ಟದ್ದು ಸಾಬೀತಾದರೆ ಬಾಕಿಯ ಮೇಲೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಹಕ್ಕು ಸಾಧಿಸುವ ಅವಧಿ ಹಳೆಯ ಕಾಯ್ದೆಯಲ್ಲಿ ಆರು ತಿಂಗಳು, ಹೊಸ ವೇತನ ಸಂಹಿತೆಯಲ್ಲಿ ಮೂರು ವರ್ಷ. ಯಾವುದು ಅನ್ವಯಿಸುತ್ತದೆ ಎಂಬ ವಾದಕ್ಕೆ ಎಡೆ ಕೊಡದೆ ಆರು ತಿಂಗಳೊಳಗೇ ಅರ್ಜಿ ಹಾಕುವುದು ಜಾಣತನ.

ಕಡಿತಗಳನ್ನೂ ನೋಡಿ. ಒಡೆದ ಗ್ಲಾಸು, ಬಿಲ್ಲಿನಲ್ಲಿ ಬಿಟ್ಟುಹೋದ ಚಾ, ಹಣ ಕೊಡದೆ ಹೋದ ಗಿರಾಕಿ ಇವೆಲ್ಲವನ್ನೂ ಸಪ್ಲೈಯರನ ಸಂಬಳದಿಂದ ಹಿಡಿಯುವ ರೂಢಿ ಇದೆ. ಕೆಲಸಗಾರನ ನಿರ್ಲಕ್ಷ್ಯದಿಂದಲೇ ಆದ ನಷ್ಟವೆಂದು ತೋರಿಸದೆ, ಅವನಿಗೆ ವಿವರಣೆ ಕೊಡಲು ಅವಕಾಶ ನೀಡದೆ ಹೀಗೆ ಹಿಡಿಯುವಂತಿಲ್ಲ. ದಂಡ ಹಾಕಿದರೂ ಅದು ಆ ಅವಧಿಯ ವೇತನದ ಶೇಕಡಾ 3ನ್ನು ಮೀರುವಂತಿಲ್ಲ.

ಎರಡನೆಯ ಹೆಜ್ಜೆ: ಯಾರೊಂದಿಗೆ, ಎಲ್ಲಿ, ಹೇಗೆ ಮಾತಾಡುವುದು

ಇದಕ್ಕೆ ಹೆಚ್ಚು ಸಮಯ ಕೊಡಿ, ಎರಡು ಮೂರು ತಿಂಗಳಾದರೂ ಆಗಲಿ. ಅವಸರದಲ್ಲಿ ಒಂದು ಸಭೆ ಕರೆದು ಭಾಷಣ ಮಾಡಿಸಿ ಬ್ಯಾನರ್ ಕಟ್ಟಿದರೆ ಮರುದಿನವೇ ಮಾಲಕರಿಗೆ ಎಲ್ಲರ ಹೆಸರೂ ತಲುಪಿರುತ್ತದೆ, ಕೆಲಸಗಾರರಿಗೆ ಮಾತ್ರ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬಂದಿರುವುದಿಲ್ಲ.

ಅಡುಗೆಮನೆಯಲ್ಲಿ ಎಲ್ಲರೂ ಯಾರ ಮಾತು ಕೇಳುತ್ತಾರೆ ಎಂದು ಗಮನಿಸಿ. ಸಾಮಾನ್ಯವಾಗಿ ಅದು ಹಳಬರಾದ ಭಟ್ಟರು ಅಥವಾ ಪರೋಟ ಮಾಸ್ಟರ್. ಅವರಿಗೆ ಉಳಿದವರಿಗಿಂತ ಹೆಚ್ಚು ಸಂಬಳವಿರುತ್ತದೆ, ಮಾಲಕನೊಡನೆ ಸಲುಗೆಯೂ ಇರುತ್ತದೆ, ಆದ್ದರಿಂದ ಅವರು ಸಂಘಕ್ಕೆ ಬರಲಾರರು ಎಂದು ಕಿರಿಯರು ಮೊದಲೇ ತೀರ್ಮಾನಿಸಿಬಿಡುತ್ತಾರೆ. ಆದರೆ ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತ ಮೇಲೆ ಮೊಣಕಾಲು ನೋವು, ಉಬ್ಬಿದ ನರ ಹೊತ್ತು ಮನೆಗೆ ಹೋಗುವಾಗ ಕೈಯಲ್ಲಿ ಏನೂ ಇರುವುದಿಲ್ಲ ಎಂಬ ಚಿಂತೆ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಅವರಿಗೇ. ‘ಭಟ್ರೇ, ನಿಮಗೆ ಇಲ್ಲಿ ಎಷ್ಟು ವರ್ಷ ಆಯ್ತು, ಗ್ರಾಚ್ಯುಟಿ ಅಂತ ಏನಾದರೂ ಬರೆದಿಟ್ಟಿದ್ದಾರಾ?’ ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಯಲ್ಲಿ ಐದು ವರ್ಷ ಸತತ ಸೇವೆ ಮಾಡಿದವರಿಗೆ ವರ್ಷಕ್ಕೆ 15 ದಿನದ ವೇತನದಂತೆ ಗ್ರಾಚ್ಯುಟಿ ಸಲ್ಲಬೇಕು. ಮೇಲಿನ ಅದೇ 15,600 ರೂಪಾಯಿ ಕೊನೆಯ ವೇತನವಾದರೆ ಒಂದು ವರ್ಷಕ್ಕೆ 9,000, ಎಂಟು ವರ್ಷಕ್ಕೆ 72,000.

ಮಾತಾಡುವ ಜಾಗ ಹೋಟೆಲಿನೊಳಗೆ ಬೇಡ, ಗಲ್ಲಾದವರ ಕಿವಿ ಚುರುಕು. ಮಧ್ಯಾಹ್ನ ಮೂರರಿಂದ ಐದರ ಬಿಡುವು, ವಾರದ ರಜೆಯ ಸಂಜೆ, ಒಟ್ಟಿಗೆ ಮಲಗುವ ಕೋಣೆ ಇವು ಸೂಕ್ತ. ಒಬ್ಬೊಬ್ಬರೊಡನೆ ಬೇರೆ ಬೇರೆಯಾಗಿ ಮಾತಾಡಿ. ಅರ್ಧಕ್ಕಿಂತ ಹೆಚ್ಚು ಹೊತ್ತು ಎದುರಿನವರೇ ಮಾತಾಡುವಂತಿದ್ದರೆ ಮಾತುಕತೆ ಸರಿಯಾಗಿ ನಡೆದಿದೆ ಎಂದರ್ಥ.

ಸಪ್ತಭಾಷೆಗಳ ನಾಡು ಎಂದು ನಾವು ಹೆಮ್ಮೆಪಡುತ್ತೇವೆ, ಸಂಘ ಕಟ್ಟುವಾಗ ಅದೇ ಕಷ್ಟವೂ ಆಗುತ್ತದೆ. ಒಂದೇ ಅಡುಗೆಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ, ಜೊತೆಗೆ ಅಸ್ಸಾಮಿ, ಬಂಗಾಳಿ, ಒಡಿಯಾ ಭಾಷೆ ಆಡುವವರಿರುತ್ತಾರೆ. ಹೊರರಾಜ್ಯದವರು ಕಡಿಮೆ ಸಂಬಳಕ್ಕೆ ಬಂದು ನಮ್ಮ ಕೂಲಿ ಇಳಿಸಿದರು ಎಂಬ ದೂರು ಊರವರ ಬಾಯಲ್ಲಿ ಸದಾ ಇರುತ್ತದೆ. ಕಡಿಮೆ ಸಂಬಳ ನಿಗದಿ ಮಾಡಿದ್ದು ಬಂದವರಲ್ಲ. ಅವರನ್ನು ಹೊರಗಿಟ್ಟು ಕಟ್ಟಿದ ಸಂಘವನ್ನು ಅವರ ಕೈಯಿಂದಲೇ ಮುರಿಸುವುದು ಬಲು ಸುಲಭ. ಪ್ರತಿ ಭಾಷೆಗೂ ಒಬ್ಬ ಮಾತುಗಾರನನ್ನು ಸಮಿತಿಯಲ್ಲಿ ಇಟ್ಟುಕೊಳ್ಳಿ, ಸಭೆಯ ನಿರ್ಣಯಗಳನ್ನು ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸಿ. ಅತಿಥಿ ಕಾರ್ಮಿಕರಿಗೆ ಕೇರಳ ಸರಕಾರದ ‘ಆವಾಸ್’ ವಿಮಾ ಯೋಜನೆ 2017ರಿಂದ ಇದೆ. ಅದಕ್ಕೆ ಹೆಸರು ನೋಂದಾಯಿಸಿಕೊಡುವುದು ಸಂಘ ಅವರಿಗೆ ಮಾಡಬಹುದಾದ ಮೊದಲ ನಿಜವಾದ ಉಪಕಾರ.

ಮುಂಗಡ ತೆಗೆದುಕೊಂಡವರ ವಿಷಯದಲ್ಲಿ ಎಚ್ಚರವಿರಲಿ. ಮಗಳ ಮದುವೆಗೆ, ಮನೆಯ ಮಾಡಿಗೆ ಮಾಲಕನಿಂದ ಐವತ್ತು ಸಾವಿರ ಪಡೆದವರನ್ನು ಮೊದಲ ಸಾಲಿನಲ್ಲಿ ನಿಲ್ಲಿಸಬೇಡಿ. ಅವರ ಬಾಕಿ ಎಷ್ಟೆಂದು ಬರೆದ ಚೀಟಿಗೆ ಮಾಲಕನ ಸಹಿ ಪಡೆಯುವಂತೆ ಹೇಳಿ. ಗಲಾಟೆಯಾದ ದಿನ ಐವತ್ತು ಸಾವಿರ ಎಂಬತ್ತಾಗುವುದುಂಟು.

ಹೆಂಗಸರನ್ನು ಕರೆಯದೆ ಮಾಡಿದ ಬೇಡಿಕೆ ಪಟ್ಟಿಯಲ್ಲಿ ಶೌಚಾಲಯದ ಮಾತೇ ಇರುವುದಿಲ್ಲ. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಹೆಂಗಸರು ‘ಪೆಣ್‌ಕೂಟ್ಟ್’ ಎಂದು ಸೇರಿದಾಗ ಮೊದಲು ಕೇಳಿದ್ದು ಶೌಚಾಲಯವನ್ನು, ಆಮೇಲೆ ಕೂರುವ ಹಕ್ಕನ್ನು. ದೊಡ್ಡ ಸಂಘಗಳ ಬೆಂಬಲಕ್ಕೆ ಕಾಯದೆ, ಟೈಲರಿಂಗ್ ಮಾಡುತ್ತಿದ್ದ ಪಿ. ವಿಜಿ ಅವರ ಮುಂದಾಳುತನದಲ್ಲಿ ವರ್ಷಗಟ್ಟಲೆ ನಡೆದ ಆ ಹೋರಾಟದ ಫಲವಾಗಿ 2018ರಲ್ಲಿ ಕೇರಳದ ಅಂಗಡಿ ಕಾಯ್ದೆಗೆ ತಿದ್ದುಪಡಿಯಾಗಿ, ಕೆಲಸಗಾರರಿಗೆ ಕೂರಲು ಆಸನ ಒದಗಿಸುವುದು ಕಡ್ಡಾಯವಾಯಿತು. ಗಲ್ಲಾದ ಹುಡುಗಿಗೂ ಪಾರ್ಸೆಲ್ ಕಟ್ಟುವ ಅಕ್ಕನಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ರೆಸಾರ್ಟುಗಳ ಹೌಸ್‌ಕೀಪಿಂಗ್ ಹೆಂಗಸರಿಗೆ ಇನ್ನೊಂದು ರಕ್ಷಣೆ ಮುಖ್ಯ: ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು; ಅದಕ್ಕಿಂತ ಸಣ್ಣ ಜಾಗಗಳವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಮೂರನೆಯ ಹೆಜ್ಜೆ: ಅಡುಗೆಮನೆಯ ಸುರಕ್ಷತೆಯ ಪಟ್ಟಿ

ಸಂಬಳದ ಮಾತಿಗೆ ಹಿಂಜರಿಯುವವರು ಸುರಕ್ಷತೆಯ ಮಾತಿಗೆ ಬೇಗ ಒಪ್ಪುತ್ತಾರೆ, ಮಾಲಕರೂ ಅದನ್ನು ತಳ್ಳಿಹಾಕಲು ಅಂಜುತ್ತಾರೆ. ಹಾಗಾಗಿ ಸಂಘದ ಮೊದಲ ಬಹಿರಂಗ ಕೆಲಸ ಇದಾಗಿದ್ದರೆ ಒಳ್ಳೆಯದು. ಪ್ರತಿ ಹೋಟೆಲಿನಲ್ಲಿ ಒಬ್ಬರು ಈ ಕೆಳಗಿನವನ್ನು ನೋಡಿ ಬರೆದುಕೊಳ್ಳಲಿ.

ಗ್ಯಾಸು ಮೊದಲು. 19 ಕಿಲೋದ ವಾಣಿಜ್ಯ ಸಿಲಿಂಡರುಗಳು ಒಲೆಯ ಪಕ್ಕದಲ್ಲೇ ಇವೆಯೇ, ಹೊರಗೆ ಗಾಳಿಯಾಡುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿವೆಯೇ? ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ, ಚರಂಡಿಯಲ್ಲಿ, ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿಯೊಂದೇ ಸಾಲದು, ನೆಲಮಟ್ಟದಲ್ಲೂ ಗಾಳಿಗೆ ದಾರಿ ಬೇಕು. ವಾಸನೆ ಬಂದಾಗ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಮೊದಲು ವಾಲ್ವ್ ಮುಚ್ಚಿ ಜನರನ್ನು ಹೊರಗೆ ಕಳಿಸಬೇಕು. ಸಿಲಿಂಡರಿನ ಕುತ್ತಿಗೆಯ ಪಟ್ಟಿಯಲ್ಲಿ ಪರೀಕ್ಷೆಯ ಅವಧಿ ಬರೆದಿರುತ್ತದೆ: ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರಿನಿಂದ ಡಿಸೆಂಬರ್, ಪಕ್ಕದಲ್ಲಿ ವರ್ಷ. ಅವಧಿ ಮುಗಿದದ್ದನ್ನು ಇಳಿಸಿಕೊಳ್ಳಬೇಡಿ. ಸಿಲಿಂಡರು ಇಟ್ಟ ಕೋಣೆಯ ಪಕ್ಕದಲ್ಲೋ ಅಡುಗೆಮನೆಯ ಮೇಲಿನ ಅಟ್ಟದಲ್ಲೋ ಕೆಲಸಗಾರರನ್ನು ಮಲಗಿಸುವ ಪದ್ಧತಿ ಇದ್ದರೆ ಅದು ಪಟ್ಟಿಯ ಮೊದಲ ಸಾಲು. ರಾತ್ರಿ ಹೊರಗಿನಿಂದ ಶಟರ್ ಎಳೆದು ಬೀಗ ಹಾಕುವುದಿದ್ದರೆ ಅದಕ್ಕೆ ನಾಳೆಯವರೆಗೂ ಕಾಯಬೇಡಿ.

ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಹಾಕಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಬೆಂಕಿ ಆರಿಸುವ ಉಪಕರಣದ ಮುಳ್ಳು ಹಸಿರು ಭಾಗದಲ್ಲಿದೆಯೇ, ಅದನ್ನು ಬಳಸಲು ಬರುವವರು ಪ್ರತಿ ಪಾಳಿಯಲ್ಲೂ ಇದ್ದಾರೆಯೇ ನೋಡಿ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು, ಬೆಣ್ಣೆ, ಐಸು ಯಾವುದೂ ಬೇಡ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು ಆಸ್ಪತ್ರೆಗೆ ಹೋಗಬೇಕು.

ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಗ್ರೈಂಡರ್ ಓಡಿಸುವುದು ನಮ್ಮ ಅಡುಗೆಮನೆಗಳ ನಿತ್ಯದ ದೃಶ್ಯ. ಗ್ರೈಂಡರು, ತೆಂಗಿನಕಾಯಿ ತುರಿಯುವ ಯಂತ್ರ, ಫ್ರೀಜರು ಇವಕ್ಕೆ ಅರ್ತಿಂಗ್ ಇದೆಯೇ, ಬೋರ್ಡಿನಲ್ಲಿ ಕರೆಂಟು ಸೋರಿದೊಡನೆ ತಾನೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಇದೆಯೇ, ಪರೀಕ್ಷಾ ಗುಂಡಿ ಒತ್ತಿದಾಗ ಅದು ಬೀಳುತ್ತದೆಯೇ ನೋಡಿ. ಜಾರದ ಚಪ್ಪಲಿ, ರಬ್ಬರ್ ಮ್ಯಾಟು ದೊಡ್ಡ ಖರ್ಚಲ್ಲ.

ಮಲಗುಂಡಿಯ ವಿಷಯದಲ್ಲಿ ರಾಜಿಯೇ ಇಲ್ಲ. 2019ರ ಜೂನ್‌ನಲ್ಲಿ ಗುಜರಾತಿನ ವಡೋದರಾ ಜಿಲ್ಲೆಯ ಒಂದು ಹೋಟೆಲಿನ ಮಲಗುಂಡಿಯಲ್ಲಿ ಏಳು ಜನ ಉಸಿರುಗಟ್ಟಿ ಸತ್ತರು. ಅವರಲ್ಲಿ ಮೂವರು ಅದೇ ಹೋಟೆಲಿನ ಕೆಲಸಗಾರರು. ಕ್ಲೀನರ್ ಹುಡುಗನನ್ನು ‘ಸ್ವಲ್ಪ ಇಳಿದು ನೋಡು’ ಎನ್ನುವುದು ಅಪರಾಧ, ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ಇದನ್ನು ನಿಷೇಧಿಸಿದೆ. ಒಬ್ಬ ಬಿದ್ದಾಗ ಇನ್ನೊಬ್ಬ ಎತ್ತಲು ಇಳಿಯುತ್ತಾನೆ, ಸಾವಿನ ಸಂಖ್ಯೆ ಹೆಚ್ಚುವುದು ಹಾಗೆ. ಯಾರೂ ಇಳಿಯಬಾರದು, ಅಗ್ನಿಶಾಮಕ ದಳಕ್ಕೆ 101ಕ್ಕೆ ಕರೆಮಾಡಬೇಕು.

ಆರೋಗ್ಯ ಕಾರ್ಡಿನ ಪ್ರಶ್ನೆಯೂ ಇದರೊಂದಿಗೇ ಬರುತ್ತದೆ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ಸತ್ತಳು. ಅಂತಹ ಘಟನೆಗಳ ಬಳಿಕ 2023ರಲ್ಲಿ ಕೇರಳದ ಹೋಟೆಲ್ ಕೆಲಸಗಾರರಿಗೆ ಆರೋಗ್ಯ ಕಾರ್ಡು ಕಡ್ಡಾಯವಾಯಿತು. ತಪಾಸಣೆ, ರಕ್ತ ಪರೀಕ್ಷೆ, ಟೈಫಾಯ್ಡ್ ಲಸಿಕೆಗಳ ಖರ್ಚು ಮತ್ತು ಆ ದಿನದ ಕೂಲಿ ಯಾರದು ಎಂಬುದನ್ನು ಬೇಡಿಕೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಭೇದಿಯಾದವನಿಗೆ ಸಂಬಳ ಸಹಿತ ರಜೆ ಇಲ್ಲದಿದ್ದರೆ ಅವನು ಕಾಯಿಲೆ ಮುಚ್ಚಿಟ್ಟು ಬಡಿಸುತ್ತಾನೆ. ಈ ಒಂದು ಮಾತನ್ನು ಗಿರಾಕಿಗಳಿಗೆ ಹೇಳಿ ನೋಡಿ, ಪೇಟೆಯ ಜನ ನಿಮ್ಮ ಕಡೆ ನಿಲ್ಲುತ್ತಾರೆ.

ನಾಲ್ಕನೆಯ ಹೆಜ್ಜೆ: ಸಂಘದ ನೋಂದಣಿ

ಏಳು ಜನ ಕೆಲಸಗಾರರು ಸೇರಿ ಟ್ರೇಡ್ ಯೂನಿಯನ್ ರಿಜಿಸ್ಟ್ರಾರರಿಗೆ ಅರ್ಜಿ ಸಲ್ಲಿಸಬಹುದು. ಜೊತೆಗೆ ಆ ಸಂಸ್ಥೆ ಅಥವಾ ಉದ್ಯಮದ ಶೇಕಡಾ 10 ಅಥವಾ 100 ಜನ, ಇವೆರಡರಲ್ಲಿ ಕಡಿಮೆಯಾದಷ್ಟು ಸದಸ್ಯರಿರಬೇಕು. ಪೇಟೆಯ ಸಂಘಕ್ಕೆ ಇದು ಕಷ್ಟದ ಅಂಕಿಯಲ್ಲ. ಹೆಸರು, ಉದ್ದೇಶ, ಚಂದಾ, ಹಣದ ಬಳಕೆ, ಪದಾಧಿಕಾರಿಗಳ ಆಯ್ಕೆ ಮತ್ತು ತೆಗೆಯುವಿಕೆ, ಲೆಕ್ಕ ಪರಿಶೋಧನೆ ಇವನ್ನೆಲ್ಲ ನಿಯಮಾವಳಿಯಲ್ಲಿ ಬರೆಯಬೇಕು. ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ ಇಡಿ. ಚಂದಾ ಹತ್ತು ರೂಪಾಯಿಯಾದರೂ ರಸೀದಿ ಕೊಡಿ. ಸಂಘಗಳು ಮಾಲಕರಿಂದ ಮುರಿದದ್ದಕ್ಕಿಂತ ಲೆಕ್ಕದ ಜಗಳದಿಂದ ಮುರಿದದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಸ್ವತಂತ್ರವಾಗಿರಬೇಕೇ, ಸಿಐಟಿಯು, ಎಐಟಿಯುಸಿ, ಐಎನ್‌ಟಿಯುಸಿ, ಬಿಎಂಎಸ್, ಎಸ್‌ಟಿಯು ಮುಂತಾದ, ಒಂದೊಂದು ರಾಜಕೀಯ ಬಣಕ್ಕೆ ಹತ್ತಿರವಾದ ದೊಡ್ಡ ಕಾರ್ಮಿಕ ಸಂಘಟನೆಗಳಲ್ಲೊಂದಕ್ಕೆ ಸೇರಬೇಕೇ ಎಂಬುದು ಕಾಸರಗೋಡಿನಲ್ಲಿ ನಾಜೂಕಿನ ಪ್ರಶ್ನೆ. ದೊಡ್ಡ ಸಂಘಟನೆಗೆ ವಕೀಲರು, ಕಚೇರಿ, ಅಧಿಕಾರಿಗಳ ಪರಿಚಯ ಇರುತ್ತದೆ. ಆದರೆ ಒಂದು ಪೇಟೆಯಲ್ಲಿ ಕೆಲಸಗಾರರು ಮೂರು ಪಕ್ಷಗಳಿಗೆ ಹಂಚಿಹೋಗಿರುವಾಗ ಒಂದು ಬಾವುಟ ಹಿಡಿದರೆ ಉಳಿದ ಇಬ್ಬರು ಹೊರಗುಳಿಯುತ್ತಾರೆ. ಹೊಸ ಸಂಹಿತೆಯ ಪ್ರಕಾರ ಹಲವು ಸಂಘಗಳಿರುವಲ್ಲಿ ಮಾತುಕತೆಗೆ ಏಕೈಕ ಸಂಘವಾಗಿ ಮಾನ್ಯತೆ ಬೇಕಿದ್ದರೆ ಶೇಕಡಾ 51 ಕೆಲಸಗಾರರ ಬೆಂಬಲ ಬೇಕು. ಮೊದಲು ಪೇಟೆಯ ಸಮಿತಿಯನ್ನು ಗಟ್ಟಿಮಾಡಿ, ಸೇರ್ಪಡೆಯನ್ನು ಎಲ್ಲ ಸದಸ್ಯರ ಗುಪ್ತ ಮತದಿಂದ ನಿರ್ಧರಿಸುವುದು ಲೇಸೆಂದು ನನಗೆ ತೋರುತ್ತದೆ. ಕೆಲಸ ಮಾಡದೆ ‘ನೋಕ್ಕುಕೂಲಿ’ ಕೇಳುವ ಪದ್ಧತಿಯಿಂದ, ಅದನ್ನು 2018ರ ಮೇ 1ರಿಂದ ಸರಕಾರವೇ ನಿಷೇಧಿಸಿದ ಮೇಲೂ, ಕೇರಳದ ಸಂಘಗಳಿಗೆ ಅಂಟಿದ ಕೆಟ್ಟ ಹೆಸರು ಪೂರ್ತಿ ಹೋಗಿಲ್ಲ. ನಿಮ್ಮ ಸಂಘ ಆ ನೆರಳಿನಿಂದ ದೂರವಿರಲಿ.

ಐದನೆಯ ಹೆಜ್ಜೆ: ಬೇಡಿಕೆ ಪತ್ರ ಮತ್ತು ಮಾತುಕತೆ

ಬೇಡಿಕೆಗಳು ಆರೇಳಕ್ಕಿಂತ ಹೆಚ್ಚಿರಬಾರದು. ಕಾನೂನಿನಲ್ಲಿ ಈಗಾಗಲೇ ಇರುವುದನ್ನೂ ಹೊಸದಾಗಿ ಕೇಳುವುದನ್ನೂ ಬೆರೆಸಬೇಡಿ. ಕನಿಷ್ಠ ವೇತನ, ವಾರದ ರಜೆ, ಇಎಸ್‌ಐ ಇವು ಚೌಕಾಸಿಯ ವಸ್ತುಗಳಲ್ಲ. ಹತ್ತು ಜನರಿರುವ ಹೋಟೆಲಿನಲ್ಲಿ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ ಕಡ್ಡಾಯ: ಕೆಲಸಗಾರನಿಂದ ಶೇಕಡಾ 0.75, ಮಾಲಕನಿಂದ ಶೇಕಡಾ 3.25. ಅದೇ 15,600ಕ್ಕೆ ನಿಮ್ಮ ಪಾಲು 117 ರೂಪಾಯಿ, ಮಾಲಕನದು 507. ಇಪ್ಪತ್ತು ಜನರಿದ್ದರೆ ಭವಿಷ್ಯನಿಧಿಯೂ ಬರುತ್ತದೆ. ಎಂಟು ಹತ್ತು ಜನರ ಅಂಚಿನಲ್ಲಿರುವ ಹೋಟೆಲುಗಳಲ್ಲಿ ಹೆಂಗಸರ, ಅರ್ಧ ದಿನದವರ ಹೆಸರುಗಳನ್ನು ರಿಜಿಸ್ಟರಿನಿಂದ ಬಿಟ್ಟು ಸಂಖ್ಯೆಯನ್ನು ಒಂಬತ್ತಕ್ಕೆ ನಿಲ್ಲಿಸುವ ಜಾಣ್ಮೆ ನಡೆಯುತ್ತದೆ. ನಿಮ್ಮ ಗಂಟೆಯ ಪುಸ್ತಕದಲ್ಲಿ ಜೊತೆಗೆ ದುಡಿದವರ ಹೆಸರುಗಳೂ ಇದ್ದರೆ ಅದು ಬಯಲಾಗುತ್ತದೆ.

ಪತ್ರದ ಧಾಟಿ ಹೀಗಿರಲಿ: ‘ಮಾನ್ಯರೇ, ಕುಂಬಳೆ ಪೇಟೆಯ ಹೋಟೆಲುಗಳಲ್ಲಿ ದುಡಿಯುವ ನಾವು ಕೆಳಗಿನ ವಿಷಯಗಳ ಕುರಿತು ತಮ್ಮೊಡನೆ ಮಾತಾಡಲು ಬಯಸುತ್ತೇವೆ. ಎಂಟು ಗಂಟೆ ಮೀರಿದ ಕೆಲಸಕ್ಕೆ ನಿಯಮದಂತೆ ಓವರ್‌ಟೈಮ್ ಪಾವತಿ, ಸಂಬಳವನ್ನು ಪ್ರತಿ ತಿಂಗಳ 7ರೊಳಗೆ ಚೀಟಿ ಸಹಿತ ಕೊಡುವುದು, ಸಿಲಿಂಡರುಗಳನ್ನು ಹೊರಗಿಡುವುದು, ಆರೋಗ್ಯ ಕಾರ್ಡಿನ ವೆಚ್ಚ ಭರಿಸುವುದು, ರಂಜಾನ್ ತಿಂಗಳಲ್ಲಿ ಹಗಲು ಮುಚ್ಚುವ ದಿನಗಳ ಕೂಲಿಯ ಕುರಿತು ನಿರ್ಧಾರ. ಹದಿನೈದು ದಿನಗಳೊಳಗೆ ತಮಗೆ ಅನುಕೂಲವಾದ ದಿನ ತಿಳಿಸಬೇಕಾಗಿ ವಿನಂತಿ.’ ಒಬ್ಬರ ಹೆಸರು ಮೊದಲು ಬರದಂತೆ ಸಹಿಗಳನ್ನು ವೃತ್ತಾಕಾರದಲ್ಲಿ ಹಾಕಿ. ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ, ನಿರಾಕರಿಸಿದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ.

ಪೇಟೆಯ ಮಟ್ಟದ ಮಾತುಕತೆಗೆ ಮಾಲಕರ ಕಡೆಯಿಂದ ಕೇರಳ ಹೋಟೆಲ್ ಆ್ಯಂಡ್ ರೆಸ್ಟೋರೆಂಟ್ ಅಸೋಸಿಯೇಶನ್ನಿನ ಸ್ಥಳೀಯ ಘಟಕವನ್ನು ಕರೆಯುವುದು ಉಪಯುಕ್ತ; ಎಲ್ಲರಿಗೂ ಒಂದೇ ದರವಾದರೆ ಪ್ರಾಮಾಣಿಕ ಮಾಲಕರಿಗೂ ನೆಮ್ಮದಿ. ಐದು ಜನ ಹೋಗಿ, ಒಬ್ಬರು ಮಾತಾಡಿ, ಒಬ್ಬರು ಬರೆದುಕೊಳ್ಳಿ. ಪ್ರತ್ಯೇಕವಾಗಿ ಚಾ ಕುಡಿಯಲು ಕರೆದರೆ ಒಬ್ಬರೇ ಹೋಗಬೇಡಿ. ಕಾಲ ನೋಡಿ ಕೇಳುವುದೂ ಮುಖ್ಯ: ಆಟಿಯ ಮಳೆಯಲ್ಲಿ ಮೇಜುಗಳು ಖಾಲಿಯಿರುವಾಗ ಕೇಳಿದ್ದಕ್ಕೆ ಬರುವ ಉತ್ತರವೇ ಬೇರೆ, ಡಿಸೆಂಬರಿನ ಪ್ರವಾಸಿಗಳೂ ಮದುವೆಗಳೂ ತುಂಬಿರುವಾಗ ಬರುವ ಉತ್ತರವೇ ಬೇರೆ.

ಮಾತು ಮುರಿದರೆ

ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿರುವ ಜಿಲ್ಲಾ ಲೇಬರ್ ಆಫೀಸಿಗೆ ಸಂಘದ ಪತ್ರದೊಂದಿಗೆ ದೂರು ಕೊಡಿ. ವೇತನ, ರಿಜಿಸ್ಟರುಗಳ ತಪಾಸಣೆ ಒಂದು ದಾರಿ, ರಾಜಿ ಸಂಧಾನ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಅರ್ಜಿ ಬರೆಯಿರಿ. ಸಂಧಾನದಲ್ಲಿ ಅಧಿಕಾರಿಯ ಸಮಕ್ಷಮ ಆದ ಒಪ್ಪಂದಕ್ಕೆ ಖಾಸಗಿ ಒಪ್ಪಂದಕ್ಕಿಲ್ಲದ ಬಲವಿದೆ, ಅದು ಆ ಸಂಸ್ಥೆಯಲ್ಲಿ ಸಂಘಕ್ಕೆ ಸೇರದವರಿಗೂ ಅನ್ವಯಿಸುತ್ತದೆ.

ಈ ಹಂತದಲ್ಲೇ ಯಾರನ್ನಾದರೂ ತೆಗೆದುಹಾಕುವ ಸಂಭವ ಹೆಚ್ಚು. ಸಂಘ ಸೇರಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿನ ದೃಷ್ಟಿಯಲ್ಲಿ ಅನುಚಿತ ಕಾರ್ಮಿಕ ಕ್ರಮ. ‘ನಾಳೆಯಿಂದ ಬರಬೇಡ’ ಎಂದರೆ ಮರುದಿನವೂ ಸಾಕ್ಷಿಯೊಂದಿಗೆ ಕೆಲಸಕ್ಕೆ ಹೋಗಿ, ಒಳಗೆ ಬಿಡದಿದ್ದರೆ ಅದೇ ದಿನ ಬರವಣಿಗೆಯಲ್ಲಿ ದೂರು ಕೊಡಿ. ತಾನೇ ಬಿಟ್ಟುಹೋದ ಎಂಬ ವಾದಕ್ಕೆ ಇದೇ ಉತ್ತರ. ಖಾಲಿ ಕಾಗದಕ್ಕೆ, ರಾಜೀನಾಮೆಗೆ ಸಹಿ ಹಾಕಬೇಡಿ. ಪೇಟೆಯ ಸಂಘದ ಪ್ರಯೋಜನ ಇಲ್ಲಿ ನೇರವಾಗಿ ಕಾಣುತ್ತದೆ, ತೆಗೆಯಲ್ಪಟ್ಟವನಿಗೆ ವ್ಯಾಜ್ಯ ಮುಗಿಯುವವರೆಗೆ ಇನ್ನೊಂದು ಹೋಟೆಲಿನಲ್ಲಿ ಕೆಲಸ ಹುಡುಕಿಕೊಡಬಹುದು.

ಮುಷ್ಕರವನ್ನು ಕೊನೆಗಿಡಿ. ಕೈಗಾರಿಕಾ ಸಂಬಂಧಗಳ ಹೊಸ ಸಂಹಿತೆಯ ಪ್ರಕಾರ ಹದಿನಾಲ್ಕು ದಿನ ಮೊದಲು ನೋಟಿಸು ಕೊಡದೆ, ಅಥವಾ ಸಂಧಾನ ನಡೆಯುತ್ತಿರುವಾಗ ಮುಷ್ಕರ ಮಾಡುವಂತಿಲ್ಲ. ಅದಕ್ಕೆ ಮೊದಲು ಮಾಡಬಹುದಾದವು ಹಲವು: ಎದೆಗೆ ಕಪ್ಪು ಪಟ್ಟಿ ಕಟ್ಟಿ ದುಡಿಯುವುದು, ರಜೆಯ ಹೊತ್ತಿನಲ್ಲಿ ಬಸ್ ನಿಲ್ದಾಣದ ಬಳಿ ಕರಪತ್ರ ಹಂಚುವುದು, ಓವರ್‌ಟೈಮಿಗೆ ಒಟ್ಟಾಗಿ ಒಪ್ಪದಿರುವುದು. ಇದಕ್ಕೂ ಮೊದಲು ಕಾನೂನು ಬಲ್ಲವರ ಸಲಹೆ ಪಡೆಯಿರಿ. ಮುಷ್ಕರಕ್ಕೆ ಇಳಿದರೆ ಊಟ ವಸತಿ ಎರಡೂ ಹೋಟೆಲಿನಲ್ಲೇ ಇರುವವರು ಅಂದು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದನ್ನು ಹಿಂದಿನ ವಾರವೇ ಏರ್ಪಾಡು ಮಾಡಿರಬೇಕು.

ಒಪ್ಪಂದದ ನಂತರ, ಹೋಟೆಲು ಮುಚ್ಚಿದಾಗ

ಒಪ್ಪಂದದಲ್ಲಿ ಜಾರಿಯ ತಾರೀಕು, ಅವಧಿ, ಉಲ್ಲಂಘಿಸಿದರೆ ಯಾರ ಬಳಿಗೆ ಹೋಗುವುದು ಎಂಬ ಮೂರೂ ಇರಬೇಕು. ಮೊದಲ ಮೂರು ತಿಂಗಳು ಪ್ರತಿ ಸಂಬಳದ ಚೀಟಿಯನ್ನೂ ಸಮಿತಿ ನೋಡಲಿ.

ಹೆದ್ದಾರಿ 66ರ ಅಗಲೀಕರಣದಲ್ಲಿ ನಮ್ಮ ರಸ್ತೆ ಬದಿಯ ಹೋಟೆಲುಗಳ ಚಿತ್ರವೇ ಬದಲಾಯಿತು. ಹೋಟೆಲು ಮುಚ್ಚುವಾಗ ‘ನಾನೇ ಮುಳುಗಿದ್ದೇನೆ, ನಿಮಗೇನು ಕೊಡಲಿ’ ಎಂಬ ಮಾತು ಬರುತ್ತದೆ. ವರ್ಷ ಪೂರೈಸಿದವರಿಗೆ ನೋಟಿಸು ಅಥವಾ ನೋಟಿಸಿನ ವೇತನ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನದ ಪರಿಹಾರ, ಅರ್ಹರಿಗೆ ಗ್ರಾಚ್ಯುಟಿ ಇವು ಸಲ್ಲಬೇಕಾದ ಹಣ. ಪೀಠೋಪಕರಣ, ಪಾತ್ರೆ ಮಾರಿ ಮಾಲಕ ಊರು ಬಿಡುವ ಮೊದಲೇ ಈ ಹಣ ಕೇಳುವ ಅರ್ಜಿ ಸಲ್ಲಿಸಿ.

ಇದಕ್ಕಿಂತ ಮುಂದಿನ ದಾರಿಯೂ ನಮ್ಮ ರಾಜ್ಯದಲ್ಲೇ ಇದೆ. ಕಾಫಿ ಬೋರ್ಡು 1957ರ ಸುಮಾರಿಗೆ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ, ಕೆಲಸ ಕಳೆದುಕೊಂಡವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಸಹಕಾರ ಸಂಘಗಳಾಗಿ ಸೇರಿ ಅವನ್ನು ತಾವೇ ನಡೆಸತೊಡಗಿದರು. 1958ರಲ್ಲಿ ತೃಶೂರಿನಲ್ಲಿ ಕೇರಳದ ಮೊದಲ ಇಂಡಿಯನ್ ಕಾಫಿ ಹೌಸ್ ತೆರೆಯಿತು. ಬಡಿಸುವವರೂ ಬೇಯಿಸುವವರೂ ಸದಸ್ಯರಾಗಿರುವ ಆ ಸಂಘಗಳು ಇಂದಿಗೂ ನಡೆಯುತ್ತಿವೆ. ಮುಚ್ಚಿದ ಹೋಟೆಲನ್ನು ವಹಿಸಿಕೊಳ್ಳುವ ಆಲೋಚನೆ ನಿಮ್ಮ ಸಮಿತಿಯಲ್ಲಿ ಬಂದರೆ, ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ, ಕಟ್ಟಡದವರು ಅದನ್ನು ಸಂಘದ ಹೆಸರಿಗೆ ಮಾಡಿಕೊಡುತ್ತಾರೆಯೇ, ಆರು ತಿಂಗಳ ಬಾಡಿಗೆಗೂ ದಿನಸಿಗೂ ಕೈಯಲ್ಲಿ ಹಣವಿದೆಯೇ ಎಂದು ನೋಡಿಕೊಂಡು, ಆಮೇಲೆ ಸಹಕಾರ ಇಲಾಖೆಯ ಸಹಾಯಕ ರಿಜಿಸ್ಟ್ರಾರರ ಕಚೇರಿಗೆ ಹೋಗಿ.